ವಿದ್ಯಾನಗರದ ಜಿಮ್ಮಿನ ರೋಯಿಂಗ್ ಯಂತ್ರ ಮತ್ತು ಗೋಡೆಯ ಮೇಲಿನ 1000 ಮೀಟರ್

ಹುಬ್ಬಳ್ಳಿ ವಿದ್ಯಾನಗರದ ಒಂದು ಜಿಮ್ಮಿಗೆ ನಾನು ನಾಲ್ಕು ತಿಂಗಳಿಂದ ಹೋಗುತ್ತಿದ್ದೇನೆ. ಅಲ್ಲಿ ಟ್ರೆಡ್‌ಮಿಲ್ಲಿಗಾಗಿ ಸರದಿ ಕಾಯಬೇಕು, ಆದರೆ ಮೂಲೆಯಲ್ಲಿರುವ ರೋಯಿಂಗ್ ಯಂತ್ರ, ಅಂದರೆ ಕುಳಿತಲ್ಲೇ ದೋಣಿಗೆ ಹುಟ್ಟು ಹಾಕಿದಂತೆ ಎಳೆಯುವ ಯಂತ್ರ, ಬಹಳಷ್ಟು ಹೊತ್ತು ಖಾಲಿಯೇ ಇರುತ್ತದೆ. ತಿಂಗಳಿಗೆ 1200 ರೂಪಾಯಿ ಕೊಡುತ್ತಿರುವುದು ನಾನು ಮುಖ್ಯವಾಗಿ ಆ ಒಂದು ಯಂತ್ರಕ್ಕಾಗಿಯೇ ಆದ್ದರಿಂದ, ಈ ವಿಮರ್ಶೆಯೂ ಬಹುಪಾಲು ಅದರದ್ದೇ.

ನ್ಯೂಜಿಲೆಂಡಿನ ಎಮ್ಮಾ ಟ್ವಿಗ್ ಟೋಕಿಯೊ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದುದನ್ನು ಟಿವಿಯಲ್ಲಿ ನೋಡಿದಾಗಿನಿಂದ ಮಹಿಳೆಯರ ಸಿಂಗಲ್ ಸ್ಕಲ್ಸ್ ಸ್ಪರ್ಧೆಯ ಗುಂಗು ನನಗೆ ಹಿಡಿದಿದೆ. ಲಂಡನ್ನಿನಲ್ಲಿ ನಾಲ್ಕನೆಯ ಸ್ಥಾನ, ರಿಯೊದಲ್ಲಿ ಮತ್ತೆ ನಾಲ್ಕನೆಯ ಸ್ಥಾನ ಪಡೆದು, ಆಟವನ್ನೇ ಬಿಟ್ಟು, ಮತ್ತೆ ಮರಳಿ ಬಂದು ಗೆದ್ದವರು ಅವರು. ಒಬ್ಬಳೇ ಹೆಣ್ಣುಮಗಳು, ಎರಡೂ ಕೈಗಳಲ್ಲಿ ಒಂದೊಂದು ಹುಟ್ಟು, ಎಂಟು ಮೀಟರಿನಷ್ಟು ಉದ್ದವಿದ್ದೂ ಕೇವಲ 14 ಕಿಲೊ ತೂಗುವ ಕಿರಿದಾದ ದೋಣಿ. ಅದರಲ್ಲಿ ಗುರಿಗೆ ಬೆನ್ನು ಹಾಕಿ ಕುಳಿತು 2000 ಮೀಟರ್ ಸಾಗಬೇಕು. ಉಣಕಲ್ ಕೆರೆಯಲ್ಲಿ ದೋಣಿ ವಿಹಾರ ಮಾಡಿದ್ದೇವೆಂಬುದು ಇದಕ್ಕೆ ಯಾವ ರೀತಿಯಲ್ಲೂ ತಯಾರಿಯಲ್ಲ. ನಮ್ಮೂರಿನಲ್ಲಿ ಆ ಶ್ರಮದ ರುಚಿ ನೋಡಬೇಕೆಂದರೆ ನನಗೆ ಸಿಕ್ಕ ದಾರಿ ಈ ಯಂತ್ರವೊಂದೇ.

ಇದು ಗಾಳಿಯ ತಡೆಯಿಂದ ನಡೆಯುವ ಮಾದರಿ. ಹಿಡಿಕೆಯನ್ನು ಎಳೆದರೆ ಸರಪಳಿ ಒಂದು ಚಕ್ರವನ್ನು ತಿರುಗಿಸುತ್ತದೆ, ಚಕ್ರದ ರೆಕ್ಕೆಗಳು ಗಾಳಿಯನ್ನು ತಳ್ಳುತ್ತವೆ. ನೀವು ಜೋರಾಗಿ ಎಳೆದಷ್ಟೂ ಅದು ಭಾರವಾಗುತ್ತದೆ. ಇಂಥ ಯಂತ್ರವನ್ನು ಜಗತ್ತಿಗೆಲ್ಲ ಪರಿಚಯಿಸಿದ ಕಾನ್ಸೆಪ್ಟ್2 ಕಂಪನಿಯ ಅಣ್ಣತಮ್ಮಂದಿರು ಅಮೆರಿಕದಲ್ಲಿ ಮೊದಲು ಹುಟ್ಟುಗಳನ್ನೇ ತಯಾರಿಸುತ್ತಿದ್ದರು. 1981ರಲ್ಲಿ ಸೈಕಲ್ಲಿನ ಗಾಲಿಯೊಂದನ್ನು ಬಳಸಿ ತಮ್ಮ ಮೊದಲ ರೋಯಿಂಗ್ ಯಂತ್ರವನ್ನು ಮಾರುಕಟ್ಟೆಗೆ ತಂದರು. ಚಕ್ರದ ಪಕ್ಕದಲ್ಲಿ 1ರಿಂದ 10ರವರೆಗೆ ಅಂಕಿಗಳಿರುವ ಒಂದು ಸಣ್ಣ ಸನ್ನೆಗೋಲಿದೆ. ನಮ್ಮ ಜಿಮ್ಮಿನಲ್ಲಿ ನಾನು ಯಾವಾಗ ಹೋದರೂ ಅದು 10ರ ಮೇಲೆಯೇ ಇರುತ್ತದೆ, ಏಕೆಂದರೆ ಹುಡುಗರು ಅದನ್ನು ಪೌರುಷದ ಅಳತೆಯೆಂದು ತಿಳಿದಿದ್ದಾರೆ. ಅದು ಒಳಗೆ ಎಷ್ಟು ಗಾಳಿ ಹೋಗಬೇಕೆಂಬುದನ್ನಷ್ಟೇ ನಿರ್ಧರಿಸುತ್ತದೆ; ಹೊಸಬರು ಅದನ್ನು 3ರಿಂದ 5ರ ನಡುವೆ ಇಟ್ಟುಕೊಂಡರೆ ನಡು ಉಳಿಯುತ್ತದೆ.

ನನ್ನ ಮುಖ್ಯ ತಕರಾರು ಯಂತ್ರದ ಮೇಲಿನದಲ್ಲ, ಅದರ ಹಿಂದಿನ ಗೋಡೆಗೆ ಅಂಟಿಸಿದ ಪಟ್ಟಿಯ ಮೇಲಿನದು. ಪುರುಷರಿಗೆ 2000 ಮೀಟರ್, ಮಹಿಳೆಯರಿಗೆ 1000 ಮೀಟರ್ ಎಂದು ಅದರಲ್ಲಿ ಬರೆದಿದ್ದಾರೆ. ಮೊದಲ ವಾರ ನಾನು ಪರದೆಯಲ್ಲಿ 2000 ಒತ್ತಿದಾಗ ಟ್ರೇನರ್ ಹುಡುಗ ಕಾಳಜಿಯಿಂದಲೇ ಬಂದು, "ಅಕ್ಕಾರ, ನಿಮಗ ಒಂದು ಸಾವಿರ ಸಾಕ್ರಿ, ಎರಡು ಸಾವಿರ ಗಂಡಸರಿಗೇ ಭಾರ ಆಗತೈತಿ" ಎಂದ. ತಾನು ಅಂತರರಾಷ್ಟ್ರೀಯ ರೋಯಿಂಗ್ ಆಡಳಿತಗಾರರ ಹಳೆಯ ವಾದವನ್ನೇ ಹುಬ್ಬಳ್ಳಿ ಮಾತಿನಲ್ಲಿ ಹೇಳುತ್ತಿದ್ದೇನೆಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ.

ಪುರುಷರ ಸಿಂಗಲ್ ಸ್ಕಲ್ಸ್ 1900ರ ಒಲಿಂಪಿಕ್ಸಿನಲ್ಲಿಯೇ ಇತ್ತು. ಮಹಿಳೆಯರಿಗೆ ಯುರೋಪಿಯನ್ ಚಾಂಪಿಯನ್‌ಷಿಪ್ ದೊರೆತದ್ದು 1954ರಲ್ಲಿ, ವಿಶ್ವ ಚಾಂಪಿಯನ್‌ಷಿಪ್ 1974ರಲ್ಲಿ ಲುಸರ್ನ್‌ನಲ್ಲಿ, ಒಲಿಂಪಿಕ್ಸ್ 1976ರಲ್ಲಿ ಮಾಂಟ್ರಿಯಲ್‌ನಲ್ಲಿ. ಆ ಮೊದಲ ಒಲಿಂಪಿಕ್ ಚಿನ್ನ ಪೂರ್ವ ಜರ್ಮನಿಯ ಕ್ರಿಸ್ಟೀನ್ ಶೈಬ್ಲಿಷ್ ಅವರದು. ಅಮೆರಿಕದ ಜೋನ್ ಲಿಂಡ್ ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಸೋತರು. ಅವರಿಬ್ಬರೂ ಸಾಗಿದ್ದು 1000 ಮೀಟರ್, ಅಂದರೆ ಗಂಡಸರ ದಾರಿಯ ಅರ್ಧ. 1980ರಲ್ಲಿ ಸಾಂಡಾ ಟೊಮಾ, 1984ರಲ್ಲಿ ವಲೇರಿಯಾ ರಾಚಿಲಾ, ಈ ಇಬ್ಬರು ರೊಮೇನಿಯನ್ನರು ಗೆದ್ದದ್ದೂ ಅದೇ ಅರ್ಧ ದಾರಿಯಲ್ಲಿ. 1985ರಿಂದ ಮಹಿಳೆಯರ ಅಂತರವನ್ನು 2000 ಮೀಟರಿಗೆ ಏರಿಸಲಾಯಿತು. ಒಲಿಂಪಿಕ್ಸಿನಲ್ಲಿ ಅದನ್ನು ಮೊದಲು ಗೆದ್ದವರು 1988ರಲ್ಲಿ ಸೋಲ್‌ನಲ್ಲಿ ಯುಟ್ಟಾ ಬೆಹ್ರೆಂಟ್. ಇಂಗ್ಲೆಂಡಿನ ಹೆನ್ಲಿ ರೆಗಾಟಾ ಎಂಬ ದೋಣಿ ಪಂದ್ಯಕೂಟದ ಕಥೆ ಇನ್ನೂ ನಿಧಾನದ್ದು: ಅಲ್ಲಿ ಪುರುಷರ ಸ್ಕಲ್ಸ್ ಸ್ಪರ್ಧೆ 1844ರಿಂದ ನಡೆದಿದೆ, ಮಹಿಳೆಯರದು ಆರಂಭವಾದದ್ದು 1993ರಲ್ಲಿ.

ಅಂತರ ದುಪ್ಪಟ್ಟಾದರೆ ಶ್ರಮ ದುಪ್ಪಟ್ಟಾಗುತ್ತದೆ ಎಂಬಷ್ಟಕ್ಕೇ ಮಾತು ಮುಗಿಯುವುದಿಲ್ಲ, ಆಟವೇ ಬೇರೆಯಾಗುತ್ತದೆ ಎಂಬುದನ್ನು ಈ ಯಂತ್ರ ನನಗೆ ತೋರಿಸಿಕೊಟ್ಟಿತು. ಸಾವಿರ ಮೀಟರನ್ನು ಹಲ್ಲು ಕಚ್ಚಿ ಎಳೆದು ಮುಗಿಸಬಹುದು. ಎರಡು ಸಾವಿರದಲ್ಲಿ, ಸಾವಿರ ದಾಟಿದ ಮೇಲಿನ ಐದು ನೂರು ಮೀಟರ್ ಇದೆಯಲ್ಲ, ಅಲ್ಲಿ ತೊಡೆಗಳು ಸುಡತೊಡಗುತ್ತವೆ, ಉಸಿರು ಎಳೆತಕ್ಕೆ ಹೊಂದುವುದಿಲ್ಲ, ಪರದೆಯ ಮೇಲೆ ಐದು ನೂರು ಮೀಟರಿಗೆ 2:35 ಇದ್ದದ್ದು ಕಣ್ಣೆದುರೇ 2:48ಕ್ಕೆ ಜಾರುತ್ತದೆ. ಮೊದಲ ಸಲ ನನಗೆ 11 ನಿಮಿಷ 40 ಸೆಕೆಂಡು ಬೇಕಾಯಿತು, ಈಗ 10 ನಿಮಿಷ 20 ಸೆಕೆಂಡಿಗೆ ಬಂದಿದ್ದೇನೆ. ಸಿಡ್ನಿ ಒಲಿಂಪಿಕ್ಸಿನಲ್ಲಿ ಬೆಲಾರುಸ್‌ನ ಎಕಟೆರಿನಾ ಕಾರ್ಸ್ಟನ್ ಮತ್ತು ಬಲ್ಗೇರಿಯಾದ ರುಮ್ಯಾನಾ ನೇಯ್ಕೋವಾ ಇದೇ ದೂರವನ್ನು ನೀರಿನ ಮೇಲೆ ಏಳೂವರೆ ನಿಮಿಷದ ಒಳಗೆ ಮುಗಿಸಿದರು; ಇಬ್ಬರ ನಡುವೆ ಉಳಿದದ್ದು ಸೆಕೆಂಡಿನ ನೂರನೆಯ ಒಂದು ಭಾಗ. ಚಿನ್ನ ಕಾರ್ಸ್ಟನ್ ಪಾಲಾಯಿತು, ನೇಯ್ಕೋವಾ ತಮ್ಮ ಚಿನ್ನಕ್ಕೆ 2008ರ ಬೀಜಿಂಗ್‌ವರೆಗೆ ಕಾದರು. ಆ ಸಲ ಕಂಚು ಕಾರ್ಸ್ಟನ್‌ಗೆ. ಪರದೆಯ ಮೇಲೆ ಸೆಕೆಂಡುಗಳು ಓಡುವುದನ್ನು ನೋಡುವಾಗ ನನಗೆ ನೆನಪಾಗುವುದು ಈ ಇಬ್ಬರೇ.

ಯಂತ್ರಕ್ಕೆ ಒಂದು ಮಿತಿಯಿದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಕಾಲು, ಬೆನ್ನು, ತೋಳು ಒಂದರ ಹಿಂದೊಂದು ದುಡಿಯುವ ಕ್ರಮವನ್ನು ಇದು ಚೆನ್ನಾಗಿ ಕಲಿಸುತ್ತದೆ, ಆದರೆ ಸಮತೋಲನವನ್ನು ಕಲಿಸುವುದಿಲ್ಲ. ಇಲ್ಲಿ ಒಂದೇ ಹಿಡಿಕೆ. ಅಲ್ಲಿ ಎರಡು ಹುಟ್ಟುಗಳು, ಎಳೆಯುವಾಗ ಒಂದು ಕೈ ಇನ್ನೊಂದರ ಮೇಲೆ ಹಾದುಹೋಗಬೇಕು, ಸ್ವಲ್ಪ ಎಡವಟ್ಟಾದರೂ ದೋಣಿ ಮಗುಚುತ್ತದೆ. ಇಲ್ಲಿ ಮಗುಚುವ ಭಯವಿಲ್ಲ.

ಇನ್ನು ಜಿಮ್ಮಿನ ನಿರ್ವಹಣೆ. ಚಕ್ರದ ಜಾಳಿಗೆಯಲ್ಲಿ ಧೂಳು ಕಟ್ಟಿಕೊಂಡರೆ ಗಾಳಿಯ ಹರಿವು ಕಡಿಮೆಯಾಗಿ ಎಳೆತ ಹಗುರವಾಗುತ್ತದೆ. ನಮ್ಮ ಹುಬ್ಬಳ್ಳಿಯ ಧೂಳಿಗೆ ಇದನ್ನು ತಿಂಗಳಿಗೊಮ್ಮೆಯಾದರೂ ಸ್ವಚ್ಛ ಮಾಡಬೇಕು, ಮಾಡುತ್ತಿಲ್ಲ. ಸರಪಳಿಗೆ ಎಣ್ಣೆ ಹಾಕಿದ್ದನ್ನು ನಾನು ಒಮ್ಮೆ ನೋಡಿದ್ದೇನೆ. ಬೆಳಿಗ್ಗೆ ಆರಕ್ಕೆ ತೆರೆಯುತ್ತಾರೆ, ಏಳರ ನಂತರ ಜನ ಹೆಚ್ಚು, ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಬರುವವರಿಗೂ ಇದು ಅನುಕೂಲದ ಜಾಗ. ಟ್ರೇನರ್ ಹುಡುಗ ಈಗ ನನ್ನ ಸಮಯವನ್ನು ತಾನೇ ಬರೆದಿಟ್ಟುಕೊಳ್ಳುತ್ತಾನೆ. ಗೋಡೆಯ ಮೇಲಿನ ಪಟ್ಟಿಯನ್ನು ಬದಲಿಸಲು ಮಾತ್ರ ಮಾಲೀಕರನ್ನು ಕೇಳಬೇಕಂತೆ. ಮೂರು ತಿಂಗಳಿಗೆ ಮತ್ತೆ ಹಣ ಕಟ್ಟಿದ್ದೇನೆ. ಯಂತ್ರದಲ್ಲಿ ಎಡಗಾಲನ್ನು ಬಿಗಿಯುವ ಪಟ್ಟಿ ಹರಿದಿದೆ, ನೀವು ಹೋದರೆ ಅದನ್ನು ಮಡಚಿ ಬಿಗಿದುಕೊಳ್ಳಿ.