ಆಂಪ್ಲಿಫೈಯರ್ ಪವರ್ ಕಾರ್ಡ್: ಎರಡು ವರ್ಷ ಬಳಸಿದ ಮೇಲೆ

ನಾನು ಹಳೇ ಕಾರ್ಡ್ ಬದಲಿಸಿದ್ದು ಸೌಂಡ್ ಸುಧಾರಿಸಲಿ ಅಂತ ಅಲ್ಲ. ಆಂಪ್ಲಿಫೈಯರ್ ಹಿಂದೆ ಧೂಳು ಒರೆಸುವಾಗ ವೈರಿಗೆ ಕೈ ತಾಗಿದರೆ ಸಾಕು, ಒಳಗೆ ರಿಲೇ ಟಕ್ ಅಂದು ಹಾಡು ನಿಂತುಹೋಗುತ್ತಿತ್ತು. ಮತ್ತೆ ಒತ್ತಿ ಕೂರಿಸಿದರೆ ಒಂದು ವಾರ ಸುಮ್ಮನಿರುತ್ತಿತ್ತು. ಕೊನೆಗೆ ಒಂದು ದಿನ ಅದನ್ನು ಕಳಚಿ ಟಾರ್ಚ್ ಹಿಡಿದು ನೋಡಿದೆ. ಆಂಪ್‌ಗೆ ಸಿಗಿಸುವ ಸಿ13 ತುದಿಯ ಮೂರು ತೂತುಗಳಲ್ಲಿ ಒಂದರ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಒಳಗಿನ ಲೋಹದ ಪಟ್ಟಿಗಳು ಅಗಲವಾಗಿ ಹಿಡಿತ ಬಿಟ್ಟಿದ್ದವು. ಹಿಡಿತ ಹೋದ ಜಾಗದಲ್ಲಿ ರೆಸಿಸ್ಟೆನ್ಸ್ ಜಾಸ್ತಿಯಾಗಿ ಬಿಸಿ ಏರುತ್ತದೆ, ಬಿಸಿ ಏರಿದಷ್ಟೂ ಪಟ್ಟಿ ಇನ್ನಷ್ಟು ಸಡಿಲವಾಗುತ್ತದೆ. ಅವತ್ತೇ ಆ ಕಾರ್ಡನ್ನು ಎರಡು ತುಂಡು ಮಾಡಿ ಬಿಸಾಡಿದೆ. ಬೇರೆ ಯಾರೂ ಎತ್ತಿಕೊಂಡು ಬಳಸಬಾರದಲ್ವಾ.

ನನ್ನ ಲೆಕ್ಕ ಸರಳ. ಆಂಪ್‌ಗೆ ಕೊಟ್ಟ ಹಣದಲ್ಲಿ ನೂರಕ್ಕೆ 5ಕ್ಕಿಂತ ಜಾಸ್ತಿ ಪವರ್ ಕಾರ್ಡಿಗೆ ಹಾಕುವುದಿಲ್ಲ. ಅಷ್ಟರೊಳಗೆ ಸಿಕ್ಕಿದ್ದು 1.5 ಮೀಟರ್ ಉದ್ದದ, 1.5 ಸ್ಕ್ವೇರ್ ಎಂಎಂ ತಾಮ್ರದ, ಮೇಲೆ ಶೀಲ್ಡ್ (ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆ) ಮತ್ತು ನೈಲಾನ್ ಹೆಣಿಗೆ ಇರುವ ಕಾರ್ಡ್. ಕೈಯಲ್ಲಿ ಹಿಡಿದರೆ ಭಾರ. ನೋಡಲು ಬಹಳ ಚೆಂದ. ಮೊದಲ ಸಲ ಸಿಗಿಸಿದಾಗ ಕೊನೆಯ ಎರಡು ಮಿಲಿಮೀಟರ್‌ಗೆ ಹೆಬ್ಬೆರಳಿಂದ ಒತ್ತಬೇಕಾಯಿತು, ಆಮೇಲೆ ಗಟ್ಟಿಯಾಗಿ ಕೂತಿತು. ಎಳೆದರೂ ಅಲ್ಲಾಡಲಿಲ್ಲ. ಆ ಹಿಡಿತ ಕೊಟ್ಟ ನೆಮ್ಮದಿಯನ್ನು ಬಿಡಿಸಿ ಹೇಳುವುದು ಕಷ್ಟ.

ಸೌಂಡ್ ಬಗ್ಗೆ ಕೇಳುವವರಿಗೆ: ವ್ಯತ್ಯಾಸ ಇಲ್ಲ. ಮಾನಿಟರ್ ಜೊತೆ ಬಂದ 0.75 ಸ್ಕ್ವೇರ್ ಎಂಎಂನ ಸಾಧಾರಣ ಕಾರ್ಡ್ ಒಂದು ಮನೆಯಲ್ಲಿತ್ತು. ನಾನು ಗೋಡೆ ಕಡೆ ಮುಖ ಮಾಡಿ ಕೂತೆ, ಮಗಳು ಎರಡರಲ್ಲಿ ಯಾವುದೋ ಒಂದನ್ನು ಹಾಕಿ ಒಂದೇ ಹಾಡನ್ನು ಹತ್ತು ಸಲ ಕೇಳಿಸಿದಳು. ಆರು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಲೆಕ್ಕ ಹಾಕಿದರೂ ಅದೇ ಉತ್ತರ. 1.5 ಮೀಟರ್ ಕಾರ್ಡಿನಲ್ಲಿ ಕರೆಂಟ್ ಹೋಗಿ ಬರುವ ದಾರಿ 3 ಮೀಟರ್. 0.75 ಸ್ಕ್ವೇರ್ ಎಂಎಂ ತಾಮ್ರದಲ್ಲಿ ಅದರ ರೆಸಿಸ್ಟೆನ್ಸ್ ಸುಮಾರು 0.07 ಓಮ್. 1 ಆಂಪಿಯರ್ ಹರಿದರೆ 230 ವೋಲ್ಟ್‌ನಲ್ಲಿ ಕಳೆದುಹೋಗುವುದು 0.07 ವೋಲ್ಟ್. ದಪ್ಪ ಕಾರ್ಡಿನಲ್ಲಿ ಅದರ ಅರ್ಧ. ಗೋಡೆಯ ಸಾಕೆಟ್‌ನಲ್ಲಿ ವೋಲ್ಟೇಜ್ ದಿನವಿಡೀ ಇದಕ್ಕಿಂತ ಎಷ್ಟೋ ಪಟ್ಟು ಏರಿಳಿಯುತ್ತಿರುತ್ತದೆ.

ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಅನ್ನುವ ಸದ್ದೊಂದಿತ್ತು. ಶೀಲ್ಡ್ ಇರುವ ಕಾರ್ಡ್ ಹಾಕಿದರೆ ಅದು ಹೋಗುತ್ತದೆ ಅಂತ ಆಸೆ ಇಟ್ಟುಕೊಂಡಿದ್ದೆ. ಹೋಗಲಿಲ್ಲ. ಒಂದೊಂದೇ ಕೇಬಲ್ ಕಳಚುತ್ತಾ ಹೋದಾಗ, ಟಿವಿಯಿಂದ ಬರುವ ಆಡಿಯೋ ಕೇಬಲ್ ತೆಗೆದ ಕೂಡಲೇ ಸದ್ದು ನಿಂತಿತು. ಅದು ಗ್ರೌಂಡ್ ಲೂಪ್, ಅಂದರೆ ಅರ್ತ್ ಮತ್ತು ಆಡಿಯೋ ಕೇಬಲ್ ಸೇರಿ ಆಗುವ ಸುತ್ತಿನಲ್ಲಿ ಸಣ್ಣ ಕರೆಂಟ್ ಹರಿದು ಬರುವ ಸದ್ದು. ಟಿವಿಯನ್ನೂ ಆಂಪನ್ನೂ ಆಪ್ಟಿಕಲ್ ಕೇಬಲ್‌ನಿಂದ ಜೋಡಿಸಿದೆ. ಅದರಲ್ಲಿ ಬೆಳಕು ಮಾತ್ರ ಹೋಗುತ್ತದೆ, ಲೂಪ್ ಅಲ್ಲೇ ಕಡಿದುಹೋಯಿತು. ದಯವಿಟ್ಟು ಈ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ತ್ ಪಿನ್ ಮುರಿಯಬೇಡಿ. ಒಳಗೆ ವೈರ್ ಕಳಚಿ ಡಬ್ಬಿಗೆ ತಾಗಿದ ದಿನ ಜೀವ ಉಳಿಸುವುದು ಅದೇ ಪಿನ್.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಈ ಕಾರ್ಡ್ ಬಗ್ಗುವುದೇ ಇಲ್ಲ. ಆಂಪ್ ಹಿಂದೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟಿದ್ದೆ, ಸಾಲಲಿಲ್ಲ. ಸ್ಟ್ಯಾಂಡನ್ನೇ ಮುಂದಕ್ಕೆ ಎಳೆಯಬೇಕಾಯಿತು. ಒಮ್ಮೆ ಇದನ್ನು ಪುಟ್ಟ ಫೋನೋ ಪ್ರೀಆಂಪ್‌ಗೆ (ರೆಕಾರ್ಡ್ ಪ್ಲೇಯರಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಡಬ್ಬಿ) ಹಾಕಿ ನೋಡಿದೆ. ಕಾರ್ಡಿನ ಸೆಟೆತಕ್ಕೆ ಪ್ರೀಆಂಪ್‌ನ ಹಿಂದಿನ ಒಂದು ಕಾಲು ಹಲಗೆಯಿಂದ ಮೇಲೆದ್ದಿತು, ಕೆಳಗೆ ಕಾಗದ ತೂರಿಸಬಹುದಿತ್ತು. ಇನ್ನೂ ಬೇಸರದ ಸಂಗತಿ ಅಂದರೆ, ಆರೇಳು ತಿಂಗಳಲ್ಲಿ ಕಾರ್ಡಿನ ಭಾರಕ್ಕೆ ಆಂಪ್ ಹಿಂದಿನ ಕನೆಕ್ಟರ್ ಸ್ವಲ್ಪ ಕೆಳಕ್ಕೆ ವಾಲಿತು. ಯಾವ ಹಿಡಿತಕ್ಕಾಗಿ ಕೊಂಡೆನೋ ಅದನ್ನೇ ಈ ದಪ್ಪ ಮೆಲ್ಲಗೆ ಹಾಳು ಮಾಡುತ್ತಿತ್ತು. ಅವತ್ತು ನಿಜಕ್ಕೂ ಸಿಟ್ಟು ಬಂತು. ಈಗ ಸ್ಟ್ಯಾಂಡಿನ ಕಾಲಿಗೆ ವೆಲ್ಕ್ರೋ ಪಟ್ಟಿಯಿಂದ ಕಟ್ಟಿದ್ದೇನೆ. ಪಟ್ಟಿಯಿಂದ ಆಂಪ್‌ವರೆಗೆ ಸ್ವಲ್ಪ ಸಡಿಲ ಬಿಟ್ಟಿದ್ದೇನೆ, ಭಾರವೆಲ್ಲ ಕಾಲಿನ ಮೇಲೆ ಬೀಳುತ್ತದೆ. ಅಲ್ಲಿಂದೀಚೆಗೆ ವಾಲಿಲ್ಲ.

ಆಮೇಲೆ ಪ್ರೀಆಂಪ್‌ಗೆ ಅಂತ ಇದರ ಮೂರನೇ ಒಂದು ಭಾಗದ ಬೆಲೆಗೆ ಇನ್ನೊಂದು ಕಾರ್ಡ್ ತಂದೆ. ಹೆಣಿಗೆ ಇಲ್ಲ, ಶೀಲ್ಡ್ ಇಲ್ಲ, ಕಪ್ಪು ಪಿವಿಸಿ ಅಷ್ಟೇ. ಮೈಮೇಲೆ 'ಎಚ್05ವಿವಿ-ಎಫ್ 3ಜಿ1.0' ಅಂತ ಅಚ್ಚಾಗಿದೆ. ಅಂದರೆ ಅರ್ತ್ ಸೇರಿ ಮೂರು ಎಳೆ, ಪ್ರತಿಯೊಂದೂ 1 ಸ್ಕ್ವೇರ್ ಎಂಎಂ. ನೀವು ಕೊಳ್ಳುವಾಗ ಈ ಅಚ್ಚನ್ನು ಖಂಡಿತ ಹುಡುಕಿ. ಏನೂ ಬರೆಯದ ಕಾರ್ಡ್ ಕೈಗೆ ತೀರಾ ಹಗುರ ಅನಿಸಿದರೆ ನಾನಂತೂ ವಾಪಸ್ ಇಡುತ್ತೇನೆ. ಒಳಗೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರಬಹುದು. ಅಲ್ಯೂಮಿನಿಯಂ ಕರೆಂಟ್ ಸಾಗಿಸುವುದು ತಾಮ್ರದ ಸುಮಾರು ನೂರಕ್ಕೆ 60ರಷ್ಟು ಮಾತ್ರ. ಶೀಲ್ಡ್ ಇಲ್ಲ ಅನ್ನುವ ಕೊರತೆಗೆ ನಾನು ಮಾಡಿದ್ದು ಇಷ್ಟೇ: ಪವರ್ ಕಾರ್ಡನ್ನು ಸಿಗ್ನಲ್ ಕೇಬಲ್‌ಗಳಿಂದ ಒಂದು ಗೇಣು ದೂರ ಇಟ್ಟೆ, ದಾಟಲೇಬೇಕಾದ ಕಡೆ ಅಡ್ಡಡ್ಡವಾಗಿ ದಾಟಿಸಿದೆ.

ದಪ್ಪ ಕಾರ್ಡಿಗೆ ಐದರಲ್ಲಿ ಮೂರು ಸ್ಟಾರ್. ಹಿಡಿತಕ್ಕೆ ಕೊಟ್ಟಿದ್ದನ್ನು ಸೆಟೆತಕ್ಕೆ ಕಳೆದಿದ್ದೇನೆ. ಕಪ್ಪು ಕಾರ್ಡಿಗೆ ಐದಕ್ಕೆ ಐದು. ಅದು ಹಾವಿನ ಮರಿಯಂತೆ ಹೇಳಿದ ಕಡೆ ತಿರುಗುತ್ತದೆ, ಗೋಡೆಗೆ ಒರಗಿ ಕೂರುತ್ತದೆ, ಸಿ13 ತುದಿ ಇವತ್ತಿಗೂ ಹೆಬ್ಬೆರಳಿಂದ ಒತ್ತಿದರೇ ಒಳಗೆ ಹೋಗುವುದು. ಪ್ರತಿ ಭಾನುವಾರ ಬೆಳಿಗ್ಗೆ ಒಂದು ಎಲ್‌ಪಿ ಹಾಕಿ, ಒಣಬಟ್ಟೆ ಹಿಡಿದು ಸ್ಟ್ಯಾಂಡಿನ ಹಿಂದೆ ಕೈ ಹಾಕುತ್ತೇನೆ. ಎರಡೂ ವೈರುಗಳನ್ನು ಉದ್ದಕ್ಕೆ ಒರೆಸುತ್ತೇನೆ. ಹಾಡು ನಡುವೆ ಎಲ್ಲೂ ನಿಲ್ಲುವುದಿಲ್ಲ.