1,450 ರೂಪಾಯಿ ಕೊಟ್ಟು ಹೊಲಿಗೆ ದಾರ ತರಿಸಿದೆ, ನೀವು ತರಿಸಬೇಡ್ರಿ

ಆರು ರೀಲು. ಒಂದಕ್ಕೆ 220 ರೂಪಾಯಿ. ಕೊರಿಯರ್‌ಗೆ ಮತ್ತೆ 130. ಮೀನಿನ ಗಾಳಕ್ಕೆ ಗರಿ ಕಟ್ಟೋ ದಾರ ಅಂತ ಒಟ್ಟು 1,450 ಕೊಟ್ಟು ನಾನು ತರಿಸಿಕೊಂಡಿದ್ದು ಏನಪ್ಪಾ ಅಂದ್ರೆ, ನಮ್ಮ ಅಕ್ಕನ ಹೊಲಿಗೆ ಮಿಷನ್ನಿನ ಡ್ರಾದಲ್ಲಿ ಬಿದ್ದಿರೋ ಅಂಥದ್ದೇ ದಾರ. ಬರೀಲೋ ಬ್ಯಾಡೋ ಅಂತ ಎಂಟು ದಿನ ಸುಮ್ಮನಿದ್ದೆ. ಮೋಸ ಹೋದೆ ಅಂತ ನಾಲ್ಕು ಮಂದಿ ಮುಂದೆ ಹೇಳಿಕೊಳ್ಳಾಕ ನಾಚಿಕೆ. ಆದರೆ ನಿನ್ನೆ ಗೆಳೆಯನ ಫೋನಿನಲ್ಲಿ ನೋಡ್ತೀನಿ, ನನಗೆ ದಾರ ಮಾರಿದ ಅದೇ ಮನುಷ್ಯ, ಅದೇ ಫೋಟೋ, "ಹೊಸ ಸ್ಟಾಕ್ ಬಂದಿದೆ" ಅಂತ ಸ್ಟೇಟಸ್ ಹಾಕ್ಯಾನ. ಹೊಟ್ಟೆ ಉರೀತು. ಅದಕ್ಕೇ ಬರೀತಿದ್ದೀನಿ.

ನಾನಿರೋದು ಗಂಗಾವತಿಯಲ್ಲಿ. ಎರೆಹುಳ, ಹಿಟ್ಟಿನ ಉಂಡಿ ಬಿಟ್ಟು ಗಾಳಕ್ಕೆ ಹುಂಜದ ಗರಿ ಸುತ್ತಿ ಹುಳದ ವೇಷ ಹಾಕೋ ಹುಚ್ಚು ಹತ್ತಿ ಎರಡು ವರ್ಷ ಆಯ್ತು. ಗರಿ ಕೋಳಿ ಅಂಗಡಿಯಲ್ಲಿ ಪುಕ್ಕಟೆ ಸಿಗ್ತಾವೆ, ಕಟ್ಟಿದ ಹುಳದ ತಲೆಗೆ ಹಚ್ಚಾಕ ಹೆಂಡತಿಯ ನೇಲ್ ಪಾಲಿಶ್ ಇದ್ದೇ ಇದೆ (ಅವಳಿಗೆ ಗೊತ್ತಿಲ್ಲ). ಸಿಗದೇ ಇರೋದು ಒಂದೇ, ಈ ಗರಿಹುಳ, ಅಂದ್ರೆ ಫ್ಲೈ, ಕಟ್ಟೋ ದಾರ. ಬೆಂಗಳೂರಿನಿಂದ ಸಂಬಂಧಿಕರೊಬ್ಬರು ತಂದುಕೊಟ್ಟಿದ್ದ ಒಂದು ರೀಲು ವರ್ಷ ಪೂರ್ತಿ ಬಂತು, ಮುಗೀತು. ಅಂದ್ರೆ ನಾನು ಅಸಲಿ ದಾರ ಕೈಯಲ್ಲಿ ಹಿಡಿದು ನೋಡಿದವನೇ. ಹಂಗಿದ್ದೂ ಗುರುತು ಹಿಡೀಲಿಲ್ಲ ಅನ್ನೋದೇ ಈಗ ಚುಚ್ಚೋದು.

ಇಂಥ ವ್ಯವಹಾರ ಹೆಂಗ ನಡೀತೈತಿ ಅಂತ ನಿಮಗೇನು ಹೊಸದಾಗಿ ಹೇಳೋದು. ಇನ್‌ಸ್ಟಾದಲ್ಲಿ ಚಂದದ ಫೋಟೋ, ವಾಟ್ಸ್‌ಆ್ಯಪ್ ನಂಬರು, ಯುಪಿಐ, ಸ್ಕ್ರೀನ್‌ಶಾಟು, ಕೊರಿಯರ್ ನಂಬರು. ನಾನು ದಡ್ಡನ ಹಂಗ ಕೇಳದೇ ತಗೊಂಡಿಲ್ಲ, ಇದೊಂದು ಹೇಳಿಬಿಡ್ತೀನಿ. "8/0 ಅಂತ ಇದೆಯಲ್ಲ, 70 ಡೆನಿಯರ್ರಾ? ನೈಲಾನಾ? ಮೇಣ ಹಚ್ಚಿದ್ದಾ?" ಅಂತ ಮೂರೂ ಕೇಳಿದೆ. (8/0 ಅಂದ್ರೆ ಎಂಟು ಸೊನ್ನೆ, ದಾರ ಎಷ್ಟು ಸಣ್ಣ ಅಂತ ಹೇಳೋ ನಂಬರು; ಡೆನಿಯರ್ ಅಂದ್ರೆ ತೂಕದಿಂದ ದಪ್ಪ ಹೇಳೋ ಅಳತೆ, ಲೆಕ್ಕ ಮುಂದೆ ಐತಿ.) ಬಂದ ಉತ್ತರ: "ಎಲ್ಲಾ ಹೌದು ಸರ್. ಇಂಪೋರ್ಟೆಡ್. ಕಣ್ಣು ಮುಚ್ಚಿ ತಗೊಳ್ಳಿ." ಕಣ್ಣು ಮುಚ್ಚೇ ತಗೊಂಡೆ.

ರೀಲು ಬಂದಾಗ ನೋಡಾಕ ಭಾಳ ಚಂದ ಇದ್ವು. ಮಿರಿಮಿರಿ ಲೇಬಲ್ಲು, ಅದರ ಮೇಲೆ 8/0, 70 ಡೆನಿಯರ್, 100 ಮೀಟರ್. ಅವತ್ತೇ ರಾತ್ರಿ 12ನೇ ನಂಬರಿನ ಸಣ್ಣ ಗಾಳವನ್ನ ವೈಸಿಗೆ, ಅಂದ್ರೆ ಗಾಳ ಕಚ್ಚಿ ಹಿಡಿಯೋ ಇಕ್ಕಳಕ್ಕೆ, ಸಿಗಿಸಿ ಕುಂತೆ. ಹತ್ತು ಸುತ್ತು ಹಾಕೋದ್ರೊಳಗೆ ಫ್ಲೈ ತಲೆ ಮೆಣಸಿನ ಕಾಳಿನಷ್ಟು ದಪ್ಪ ಆಗಿ ಗಾಳದ ಕಣ್ಣೇ ಮುಚ್ಚಿಹೋಯ್ತು. ತಂಗೂಸಿ ಎಲ್ಲಿಂದ ತೂರಿಸೋದು? ಕಡಿಮೆ ಸುತ್ತು ಹಾಕಿದ್ರೆ ಗರಿ ಗಾಳದ ಮೇಲೆ ಗಿರಗಿರ ತಿರುಗ್ತದೆ. ನನ್ನ ಕೈಯದೇ ತಪ್ಪು ಅಂದ್ಕೊಂಡೆ. ಮೂರು ರಾತ್ರಿ, ಹನ್ನೊಂದು ಫ್ಲೈ, ಕಣ್ಣು ಕೆಂಪಗಾಗೋ ತನಕ. ತಪ್ಪು ನಂದೇ, ನಂದೇ ಅಂತ.

ಭಾನುವಾರ ಕಾರಟಗಿ ಹತ್ತಿರ ಗೆಳೆಯನ ಹೊಲದ ಹೊಂಡಕ್ಕೆ ಹೋದ್ವಿ. ಹೊಂಡದ ತುಂಬ ಜಿಲೇಬಿ ಮೀನು. ತೇಲಬೇಕಾದ ಫ್ಲೈ ಎರಡು ಸಲ ಬೀಸೋದ್ರೊಳಗೆ ನೀರು ಕುಡಿದು ಮುಳುಗ್ತು. ಮೂರನೇ ಸಲ ಮೀನು ಹಿಡೀತು, ಎಳೀತು, ಬಿಡ್ತು. ಮೇಲೆ ಎತ್ತಿ ನೋಡಿದರೆ ಗಾಳಕ್ಕೆ ಒಂದು ಗೇಣು ದಾರ ಜೋತುಬಿದ್ದೈತಿ, ಗರಿ ನೀರಿನ ಮೇಲೆ ತೇಲ್ತಾ ಹೊಂಟೈತಿ. ಕೊನೆಯ ಗಂಟು ಹಾಕಾಕ ಜಾಗಾನೇ ಇಲ್ಲದೆ ಎರಡೇ ಸುತ್ತು ಹಾಕಿದ್ದೆ, ಬಿಚ್ಚಿಕೊಂಡಿತ್ತು. ಗೆಳೆಯ ನಕ್ಕು, "2024ರಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟೇ ಚೈನ್ ಕಡಿದು ಹರಕೊಂಡು ಹೋತಲೇ, ನಿನ್ನ ದಾರ ಯಾವ ಲೆಕ್ಕ" ಅಂದ. ನಾನೂ ನಕ್ಕೆ. ಆಗಿನ್ನೂ ನಗು ಬರ್ತಿತ್ತು.

ನಗು ನಿಂತಿದ್ದು ಮರುದಿನ. ಅಕ್ಕ ಮನೆಗೆ ಬಂದಿದ್ದಳು. ಇಪ್ಪತ್ತು ವರ್ಷದಿಂದ ಬ್ಲೌಸು, ಲಂಗ ಹೊಲಿಯೋಳು. ಟೇಬಲ್ ಮೇಲಿದ್ದ ಕಪ್ಪು ರೀಲು ಎತ್ತಿಕೊಂಡು, ತುದಿ ಎಳೆದು, ಕಿಟಕಿ ಬೆಳಕಿಗೆ ಹಿಡಿದು, "ಇದನ್ನ ಎಲ್ಲಿ ತಂದ್ಯೋ ತಮ್ಮಾ? ನಾವು ಫಾಲ್ ಹಚ್ಚೋ ದಾರ ಅಲ್ಲೇನು?" ಅಂದಳು.

ಅಲ್ಲ ಅಂದೆ. ಇದು ಬ್ಯಾರೆ, ಹೊರದೇಶದ್ದು, ಮೀನಿಂದು ಅಂತ ದೊಡ್ಡ ಭಾಷಣ ಮಾಡಿದೆ. ಅವಳು ವಾದಕ್ಕೆ ಬರಲಿಲ್ಲ. ಬೆರಳಿನ ನಡುವೆ ದಾರ ಹಿಡಿದು ಹುರಿ ಬಿಚ್ಚಿ ತೋರಿಸಿದಳು. ಮೊದಲು ಎರಡು ಎಳೆಯಾಯ್ತು. ಇನ್ನೂ ಬಿಚ್ಚಿದಳು, ಒಂದೊಂದು ಎಳೆಯೂ ತುಂಡು ತುಂಡು ನಾರಾಗಿ, ದೀಪದ ಬತ್ತಿ ಹೊಸಿಯೋ ಅರಳೆ ಹಂಗೆ ಉಬ್ಬಿ, ತಾನಾಗೇ ಕಿತ್ತುಕೊಂಡು ಬಂತು. ಆಮೇಲೆ ತನ್ನ ಚೀಲದಿಂದ ಒಂದು ಕಪ್ಪು ರೀಲು ತೆಗೆದು ಅದನ್ನೂ ಹಂಗೇ ಬಿಚ್ಚಿದಳು. ಎರಡೂ ಪಕ್ಕಪಕ್ಕ ಇಟ್ಟಳು. ಯಾವುದು ಯಾವುದು ಅಂತ ನನಗೇ ಗೊತ್ತಾಗಲಿಲ್ಲ. "ಎಷ್ಟು ಕೊಟ್ಟಿ?" ಅಂದಳು. "ಐವತ್ತು" ಅಂತ ಸುಳ್ಳು ಹೇಳಿದೆ. "ಐವತ್ತಾ! ಇಪ್ಪತ್ತಕ್ಕ ಬರ್ತಿತ್ತಲ್ಲೋ" ಅಂತ ಹಣೆ ಹಣೆ ಬಡಕೊಂಡಳು.

ಅಸಲಿ ಫ್ಲೈ ದಾರ ಹಂಗಲ್ಲ. ಅದರ ಎಳೆಗಳು ತುದಿಯಿಂದ ತುದಿವರೆಗೆ ಒಂದೇ ಉದ್ದ, ಕೂದಲು ಏಳಲ್ಲ. ಬಾಬಿನ್, ಅಂದ್ರೆ ರೀಲು ಸಿಗಿಸೋ ಹಿಡಿಕೆ, ಜೋತುಬಿಟ್ಟು, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿಗೆ ತಿರುಗಿಸಿದರೆ ಹುರಿ ಬಿಚ್ಚಿ ರಿಬ್ಬನ್ ಹಂಗೆ ಚಪ್ಪಟೆಯಾಗಿ ಗಾಳದ ಮೇಲೆ ಮಲಗ್ತದೆ. ಅದಕ್ಕೇ ಹತ್ತು ಸುತ್ತು ಹಾಕಿದರೂ ತಲೆ ಸಣ್ಣ. ಇದೆಲ್ಲ ನನಗೆ ಗೊತ್ತಿತ್ತು ರೀ. ಗೊತ್ತಿದ್ದೂ ಬಾಬಿನ್ ಒಂದು ಸಲ ತಿರುಗಿಸಿ ನೋಡಲಿಲ್ಲ.

ಸಿಟ್ಟು ಇಳೀಲಿಲ್ಲ. ಬಿಚ್ಚದೇ ಇಟ್ಟಿದ್ದ ಒಂದು ರೀಲು ತಗೊಂಡು ಮಾಳಿಗೆ ಹತ್ತಿದೆ. ಪ್ಯಾರಾಪೆಟ್ಟಿನಿಂದ ನೀರಿನ ಟ್ಯಾಂಕಿಗೆ ಟೇಪು ಹಿಡಿದು ಸರಿಯಾಗಿ ಹತ್ತು ಮೀಟರ್. ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಎಳೆದೆ. ಆರನೇ ಸಲಕ್ಕೆ ರೀಲು ಖಾಲಿ. ನೂರು ಅಂತ ಬರೆದಿದ್ದು ಅರವತ್ತೇ! ಆ ಅರವತ್ತು ಮೀಟರನ್ನು ಉಂಡಿ ಮಾಡಿ ಪ್ಯಾಟಿಯೊಳಗಿನ ಪತ್ತಾರರ ಅಂಗಡಿಗೆ ಒಯ್ದೆ. "ಬಂಗಾರ ತೂಗಿಸೋ ತಕ್ಕಡಿ ಐತಪ್ಪ, ದಾರ ತೂಗಿಸ್ತಿಯೇನು?" ಅಂತ ಅವರು ಕನ್ನಡಕದ ಮೇಲಿಂದ ನೋಡಿದರು. ತೂಗಿದರು. 1.6 ಗ್ರಾಂ.

ಲೆಕ್ಕ ನೀವೇ ಹಾಕ್ರಿ. ಡೆನಿಯರ್ ಅಂದ್ರೆ 9,000 ಮೀಟರ್ ದಾರದ ತೂಕ, ಗ್ರಾಂನಲ್ಲಿ. 60 ಮೀಟರಿಗೆ 1.6 ಅಂದ್ರೆ 9,000ಕ್ಕೆ 240. ಎಪ್ಪತ್ತು ಅಂತ ಹೇಳಿ ಇನ್ನೂರಾ ನಲವತ್ತು. ಅಸಲಿ 70 ಆಗಿದ್ರೆ ಅರ್ಧ ಗ್ರಾಂ ಸಹ ತೂಗಬಾರದಿತ್ತು. ಉದ್ದದಲ್ಲೂ ಮೋಸ, ದಪ್ಪದಲ್ಲೂ ಮೋಸ. ಕೆಂಪು ರೀಲಿನದು ಇನ್ನೊಂದು ಕಥೆ: ನೀರು ಮುಟ್ಟಿದ್ದೇ ಕುಂಕುಮ ಕಲಸಿದಂಗೆ ಬೆರಳಿಗೆ ಬಣ್ಣ, ಕಡ್ಡಿ ಗೀರಿ ಹಿಡಿದರೆ ಕಾಗದ ಸುಟ್ಟ ವಾಸನೆ, ಬೂದಿ. ನೈಲಾನ್ ಕರಗಿ ಗುಂಡಗೆ ಗಟ್ಟಿ ಆಗ್ತದೆ, ಬೂದಿ ಆಗಲ್ಲ. ಅದು ಶುದ್ಧ ಹತ್ತಿ ದಾರ.

ಈಗ ಆ ಪುಣ್ಯಾತ್ಮನ ಉತ್ತರಗಳು, ಒಂದೊಂದಾಗಿ. ಮೊದಲು, ದಪ್ಪ ಇದೆ ಅಂದಿದ್ದಕ್ಕೆ: "ಬಿಗಿನರ್ಸ್‌ಗೆ ಹಾಗೇ ಅನ್ಸುತ್ತೆ ಸರ್, ಪ್ರಾಕ್ಟೀಸ್ ಮಾಡಿ." ಹುರಿ ಬಿಚ್ಚೋ ವಿಡಿಯೋ ಕಳಿಸಿದೆ. "8/0 ಅನ್ನೋದು ಒಂದೊಂದು ಕಂಪನೀಲಿ ಒಂದೊಂದು ಥರ ಸರ್." ಇಲ್ಲಿ ನೋಡ್ರಿ ಜಾಣತನ. ಆ ಮಾತು ಸುಳ್ಳಲ್ಲ. ಸೊನ್ನೆ ಹೆಚ್ಚಾದಷ್ಟು ದಾರ ಸಣ್ಣ ಅನ್ನೋದು ಬಿಟ್ಟರೆ ಆ ನಂಬರಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ, ಒಬ್ಬರ 8/0 ಇನ್ನೊಬ್ಬರ 6/0 ಹತ್ತಿರ ಇರಬಹುದು. ಆದರೆ ಡೆನಿಯರ್ ತೂಕದ ಲೆಕ್ಕ, ಅದು ಕಂಪನಿಗೊಂದು ಇರಲ್ಲ. "70 ಡೆನಿಯರ್ ಅಂತಾನೂ ಲೇಬಲ್‌ನಾಗ ಬರೆದಿದೆಯಲ್ಲ" ಅಂದೆ. "ಅದು ಅಂದಾಜು ಸರ್." ಅಂದಾಜು!

ಉದ್ದ ಕಡಿಮೆ ಅಂದಿದ್ದಕ್ಕೆ "ಅನ್‌ಬಾಕ್ಸಿಂಗ್ ವಿಡಿಯೋ ಇದ್ಯಾ? ನೀವೇ 40 ಮೀಟರ್ ಬಳಸಿರಬಹುದಲ್ವಾ" ಅಂದ. ಪತ್ತಾರರ ತಕ್ಕಡಿ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು. ಎರಡು ತಾಸು ಬಿಟ್ಟು ಕೊನೆಯ ಉತ್ತರ: "220 ರೂಪಾಯಿಗೆ ಇನ್ನೇನು ಬರುತ್ತೆ ಸರ್?" ಆಮೇಲೆ ಅವನ ಫೋಟೋನೇ ಮಾಯ. ಬ್ಲಾಕ್. ನಿನಗೆ ಬರಲ್ಲ ಅಂದಿದ್ದನ್ನ ತಡಕೊಂಡೆ, ಕಳ್ಳ ಅನ್ನೋ ಹಂಗ ಅಂದಿದ್ದನ್ನೂ ತಡಕೊಂಡೆ, ಈ ಕೊನೆಯದು ಮಾತ್ರ ಇವತ್ತಿಗೂ ನುಂಗಾಕ ಆಗ್ತಿಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳೋಣ ಅಂದ್ರೆ ನನ್ನ ಕೈಯಲ್ಲಿ ಬಿಲ್ಲಿಲ್ಲ. ಕೇಳೇ ಇರಲಿಲ್ಲ. ನೀವು ಬಿಲ್ ಕೇಳ್ರಿ. ಮೊದಲು ಒಂದೇ ರೀಲು ತರಿಸ್ರಿ, ನನ್ನ ಹಂಗ ಆರು ಬಣ್ಣಕ್ಕೆ ಆಸೆ ಬೀಳಬೇಡ್ರಿ. ಬಂದ ಕೂಡಲೇ ತುದಿ ಬಿಚ್ಚಿ ನೋಡ್ರಿ, ನಾರು ಎದ್ದರೆ ಆವತ್ತೇ ಜಗಳ ತೆಗೀರಿ. ಹೊಲಿಗೆ ದಾರದಲ್ಲೇ ಕಟ್ಟೋದಾದ್ರೆ ಕಟ್ರಿ, ದೊಡ್ಡ ಗಾಳಕ್ಕೆ ನಡೀತೈತಿ, ಆದರೆ ಇಪ್ಪತ್ತು ರೂಪಾಯಿ ಕೊಟ್ಟು ಕಟ್ರಿ.

ಗೆಳೆಯ ನಿನ್ನೆ ಸುಮ್ಮನೆ ಗಿರಾಕಿ ಹಂಗ ಅವನಿಗೆ ಮೆಸೇಜ್ ಹಾಕಿದ: "ಒಂದು ರೀಲಿನ ದಾರದ ತೂಕ ಎಷ್ಟು ಗ್ರಾಂ?" ಈಗಷ್ಟೇ ಉತ್ತರ ಬಂತಂತೆ, ಸ್ಕ್ರೀನ್‌ಶಾಟ್ ಕಳಿಸ್ಯಾನ. "ದಾರ ಯಾರು ಸರ್ ತೂಕ ಹಾಕಿ ತಗೊಳ್ತಾರೆ? ಕಣ್ಣು ಮುಚ್ಚಿ ತಗೊಳ್ಳಿ."