ತುಮಕೂರಲ್ಲಿ ಗೇಟ್ ಮೇಲಿನ ಸಿಬಿಎಸ್‌ಇ ನಂಬಿ ಅಡ್ಮಿಶನ್ ಮಾಡಿಸ್ಬೇಡಿ

ತುಮಕೂರು ಸುತ್ತಮುತ್ತ ಮಕ್ಕಳನ್ನ ಸಿಬಿಎಸ್‌ಇಗೆ ಸೇರಿಸ್ಬೇಕು ಅಂತಿರೋರು ದುಡ್ಡು ಕಟ್ಟೋಕೆ ಮುಂಚೆ ದಯವಿಟ್ಟು ಇದನ್ನ ಓದಿ. ನಮ್ ಮಗಳು ಓದ್ತಿದ್ದ ಸ್ಕೂಲಿನ ಗೇಟ್, ವ್ಯಾನು, ಡೈರಿ ಎಲ್ಲಾ ಕಡೆ ಸಿಬಿಎಸ್‌ಇ ಅಂತಾನೇ ಇತ್ತು, ಪುಸ್ತಕಾನೂ ಸಿಬಿಎಸ್‌ಇ ಸ್ಕೂಲ್‌ಗಳಲ್ಲಿ ಓದ್ಸೋ ಎನ್‌ಸಿಇಆರ್‌ಟಿದೇ, ಹಂಗಾಗಿ ಎಂಟನೇ ಕ್ಲಾಸ್‌ವರೆಗೂ ಯಾವ ಪೇರೆಂಟ್ಸಿಗೂ ಡೌಟ್ ಬರ್ಲಿಲ್ಲ. ಒಂಬತ್ತಕ್ಕೆ ಬಂದಾಗ ಮೀಟಿಂಗ್ ಕರೆದು "ಅಫಿಲಿಯೇಶನ್ (ಅಂದ್ರೆ ಸಿಬಿಎಸ್‌ಇ ಮಾನ್ಯತೆ) ಪ್ರೋಸೆಸ್‌ನಲ್ಲಿದೆ ಸರ್, ಸದ್ಯಕ್ಕೆ ಸ್ಟೇಟ್ ಸಿಲಬಸ್ ಓದ್ಲಿ, ಇಲ್ಲಾಂದ್ರೆ ಬೇರೆ ಸ್ಕೂಲ್ ಹೆಸರಲ್ಲಿ ರಿಜಿಸ್ಟರ್ ಮಾಡಿಸ್ತೀವಿ" ಅಂದ್ರು!

ಒಂಬತ್ತರಲ್ಲೇ ಯಾಕೆ ಬಯಲಾಗುತ್ತೆ ಅಂದ್ರೆ ಸಿಬಿಎಸ್‌ಇ ಮಕ್ಕಳ ಹೆಸರು ರಿಜಿಸ್ಟರ್ ಮಾಡ್ಕೊಳ್ಳೋದೇ ಆ ಕ್ಲಾಸಲ್ಲಿ, ಅಲ್ಲೀವರೆಗೆ ರಾಜ್ಯದ ಮಾನ್ಯತೆ ಒಂದನ್ನೇ ಇಟ್ಕೊಂಡು ಸಿಬಿಎಸ್‌ಇ ರೇಟಲ್ಲಿ ಫೀಸ್ ವಸೂಲಿ ಮಾಡ್ಬಹುದು. ಇನ್‌ಸ್ಪೆಕ್ಷನ್‌ಗೆ ಬರೋ ಅಧಿಕಾರಿಗಳು ಅದೇ ಬೋರ್ಡ್ ಕೆಳಗೇ ಒಳಗೆ ಹೋಗ್ತಾರಲ್ಲ, ಒಬ್ರಾದ್ರೂ ಕೇಳ್ಬೇಕಿತ್ತು. ನನಗೆ ಇದೇ ಹೆಚ್ಚು ಸಿಟ್ಟು ತರ್ಸಿದ್ದು.

ಆಮೇಲೆ ರಸೀದಿಗಳನ್ನೆಲ್ಲ ಹರಡ್ಕೊಂಡು ನೋಡಿದ್ರೆ ಅರ್ಧದ ಮೇಲೆ ಸ್ಕೂಲ್ ಹೆಸರೇ ಇಲ್ಲ, ಯಾವುದೋ ಟ್ರಸ್ಟ್ ಸೀಲು, ಯಾತಕ್ಕೆ ಅನ್ನೋ ಜಾಗದಲ್ಲಿ 'ಡೆವಲಪ್‌ಮೆಂಟ್' ಅಂತ ಪೆನ್ನಲ್ಲಿ ಗೀಚಿದ್ದಾರೆ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 13ನೇ ಸೆಕ್ಷನ್ ಪ್ರಕಾರ ಡೊನೇಷನ್ ತಗೊಳ್ಳೋ ಹಂಗೇ ಇಲ್ಲ, ತಗೊಂಡ್ರೆ ಹತ್ತು ಪಟ್ಟಿನವರೆಗೆ ದಂಡ. ರಸೀದಿ ಒಂದನ್ನೂ ಬಿಸಾಕ್ಬೇಡಿ, ಬಿಇಒಗೋ (ತಾಲೂಕಿನ ಶಿಕ್ಷಣಾಧಿಕಾರಿ) ಡಿಡಿಪಿಐಗೋ (ಜಿಲ್ಲೆಯ ಶಿಕ್ಷಣಾಧಿಕಾರಿ) ಕಂಪ್ಲೇಂಟ್ ಕೊಡೋವಾಗ ಅದೇ ಸಾಕ್ಷಿ.

ಸೇರಿಸೋಕೆ ಮುಂಚೆ ಸಿಬಿಎಸ್‌ಇಯ ಸಾರಸ್ ಪೋರ್ಟಲ್‌ನಲ್ಲಿ ಸ್ಕೂಲ್ ಹುಡುಕಿ. ಕರ್ನಾಟಕದ ಖಾಸಗಿ ಸ್ಕೂಲ್‌ಗಳ ಅಫಿಲಿಯೇಶನ್ ನಂಬರ್ ಸಾಮಾನ್ಯವಾಗಿ 83ರಿಂದ ಶುರುವಾಗುತ್ತೆ. ಹೆಸರು ಸಿಕ್ತು ಅಂತ ಬಿಟ್ಬಿಡ್ಬೇಡಿ, ಅಡ್ರೆಸ್ ನಿಮ್ ಬ್ರಾಂಚಿಂದೇನಾ, ಎಷ್ಟನೇ ಕ್ಲಾಸ್‌ವರೆಗೆ ಇದೆ, ಅವಧಿ ಮುಗಿದಿದ್ಯಾ ನೋಡಿ, ಯಾಕಂದ್ರೆ ಬೆಂಗಳೂರಿನ ಬ್ರಾಂಚ್ ನಂಬರ್ ತೋರಿಸಿ ಇಲ್ಲಿ ಅಡ್ಮಿಶನ್ ಮಾಡ್ಕೊಳ್ಳೋದೂ ಉಂಟು. ಕೆಲವರು 11 ಅಂಕಿಯ ಯುಡೈಸ್ ನಂಬರ್ ತೋರಿಸ್ತಾರೆ, ಅದು ಶಾಲೆಗಳ ಲೆಕ್ಕ ಇಡೋಕೆ ಸರ್ಕಾರ ಕೊಡೋ ನಂಬರ್, ಸರ್ಕಾರಿ ಶಾಲೆಗೂ ಇರುತ್ತೆ, ಅದಕ್ಕೂ ಸಿಬಿಎಸ್‌ಇಗೂ ಸಂಬಂಧಾನೇ ಇಲ್ಲ.

ಮಗಳನ್ನ ಈಗ ಸರ್ಕಾರಿ ಹೈಸ್ಕೂಲಿಗೆ ಸೇರಿಸಿದೀವಿ. ಮೇಷ್ಟ್ರುಗಳು ಚೆನ್ನಾಗಿ ನೋಡ್ಕೊಳ್ತಿದಾರೆ, ಆದ್ರೆ ಪಾಪ ಕನ್ನಡ ಇಷ್ಟು ವರ್ಷ ಬರೀ ನೆಪಕ್ಕೆ ಓದಿದ್ಲು, ಈಗ ಪ್ರಥಮ ಭಾಷೆ ಅಂತ ವ್ಯಾಕರಣ, ಹಳಗನ್ನಡ ಎಲ್ಲಾ ಒಟ್ಟಿಗೆ ಮೇಲೆ ಬಿದ್ದಿದೆ. ಹಳೇ ಸ್ಕೂಲ್‌ನೋರು ಬಾಕಿ ಕಟ್ಟಿ ಅಂತ ಟಿಸಿಗೂ ಸತಾಯಿಸಿದ್ರು. ನಿಮ್ ಮಗು ಇನ್ನೂ ಎಂಟನೇ ಕ್ಲಾಸ್ ಒಳಗಿದ್ರೆ ಟಿಸಿಗೆ ಹೆದರ್ಕೊಂಡು ಅಲ್ಲೇ ಕೂರ್ಬೇಡಿ, ಟಿಸಿ ಲೇಟಾಯ್ತು ಅಂತ ಸರ್ಕಾರಿ ಶಾಲೆಯೋರು ಸೇರಿಸ್ಕೊಳ್ಳಲ್ಲ ಅನ್ನೋ ಹಂಗಿಲ್ಲ, ಅದೂ ಅದೇ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿದೆ.